ಟೆಸ್ಸಳ ಮನೆತನದ ಹೆಸರು

ಥಾಮಸ್ ಹಾರ್ಡಿಯ ‘ಟೆಸ್ ಆಫ್ ದಿ ಡರ್ಬರ್‌ವಿಲ್ಸ್’ ಕಾದಂಬರಿಯನ್ನು ಓದಿ ಮುಗಿಸಿದವರಿಂದ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ: ವಿಧಿ ಬಲು ಕ್ರೂರವಾದದ್ದು, ಏಂಜೆಲ್ ಕ್ಲೇರ್ ಬಲು ಹೇಡಿ. ಎರಡನ್ನೂ ಅಲ್ಲಗಳೆಯುವ ಹಾಗಿಲ್ಲ. ಆದರೆ 1891ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆ ಮೊದಲಾಗುವುದು ಒಂದು ಮನೆತನದ ಹೆಸರಿನಿಂದ. ಮೇ ತಿಂಗಳ ಒಂದು ಸಂಜೆ, ಬರಿದಾದ ಮೊಟ್ಟೆಯ ಬುಟ್ಟಿಯನ್ನು ತೋಳಿಗೆ ಸಿಕ್ಕಿಸಿಕೊಂಡು ತೂರಾಡುತ್ತ ಊರಿಗೆ ಮರಳುತ್ತಿದ್ದ ಜಾನ್ ಡರ್ಬಿಫೀಲ್ಡ್ ಎಂಬ ಬಡವನನ್ನು, ಪ್ರಾಚೀನ ಸಂಗತಿಗಳ ಹುಚ್ಚು ಹಿಡಿದ ಪಾದ್ರಿಯೊಬ್ಬ ‘ಸರ್ ಜಾನ್’ ಎಂದು ಕರೆಯುತ್ತಾನೆ. ನೀನು ಡರ್ಬರ್‌ವಿಲ್ ಎಂಬ ನಾರ್ಮನ್ ವೀರರ ವಂಶದ ನೇರ ಕುಡಿ ಎಂದು ತಿಳಿಸಿ ತನ್ನ ದಾರಿ ಹಿಡಿಯುತ್ತಾನೆ.

ಮುಂದಿನದೆಲ್ಲ ಈ ಸುದ್ದಿಯ ಹಿಂದೆ ಸರಪಳಿಯಂತೆ ಬರುತ್ತದೆ. ಹೆಸರಿನ ಹೆಮ್ಮೆಯಲ್ಲಿ ಅಪ್ಪ ಕುಡಿಯುತ್ತಾನೆ. ಅಪ್ಪ ಏಳಲಾರದೆ ಹೋದದ್ದರಿಂದ ಮಗಳು ಟೆಸ್ ನಟ್ಟಿರುಳಿನಲ್ಲಿ ಜೇನುಗೂಡುಗಳ ಗಾಡಿಯನ್ನು ಹೊಡೆದುಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಕುದುರೆ ಸಾಯುತ್ತದೆ. ಹೊಟ್ಟೆಪಾಡು ತಪ್ಪಿದ್ದರಿಂದ, ಅದೇ ಹೆಸರು ಹೊತ್ತ ಸಿರಿವಂತ ‘ನೆಂಟರ’ ಮನೆಗೆ ಅವಳನ್ನು ಕಳಿಸುತ್ತಾರೆ. ಅಲ್ಲಿ ಅಲೆಕ್ ಕಾದಿದ್ದಾನೆ. ಇಷ್ಟೊಂದು ಕೆಲಸಮಾಡುವ ಹೆಸರನ್ನು ಕೇವಲ ಅಲಂಕಾರವೆಂದು ಬಿಟ್ಟುಬಿಡುವುದು ಸರಿಯಲ್ಲ. ಆ ಹೆಸರು ಎಲ್ಲಿಂದ ಬಂತು, ಎಲ್ಲೆಲ್ಲಿ ಹರಡಿತು, ಹೇಗೆ ರೂಪ ಕೆಟ್ಟಿತು ಎಂಬುದನ್ನು ಹಿಂಬಾಲಿಸಿ ಹೋದರೆ ಈ ದುರಂತದ ಬೇರು ನೆತ್ತರಿನಲ್ಲಿಲ್ಲ, ನೆಲದಲ್ಲಿದೆ ಎಂದು ಕಾಣುತ್ತದೆ. ಈ ಲೇಖನದ ಉದ್ದೇಶ ಅದನ್ನು ತೋರಿಸುವುದು.

ಹಾರ್ಡಿ ಈ ಹೆಸರನ್ನು ಶೂನ್ಯದಿಂದ ಕಲ್ಪಿಸಲಿಲ್ಲ. ಇಂಗ್ಲೆಂಡಿನಲ್ಲಿ ಟರ್ಬರ್‌ವಿಲ್ ಎಂಬ ಒಂದು ವಿರಳವಾದ ಕುಲನಾಮವಿದೆ. ಇಂಗ್ಲಿಷರ ಕುಲನಾಮಗಳನ್ನು ವಿದ್ವಾಂಸರು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಊರಿನಿಂದ ಬಂದವು, ತಂದೆಯ ಹೆಸರಿನಿಂದ ಬಂದವು, ಕಸುಬಿನಿಂದ ಬಂದವು, ಗುಣವನ್ನೋ ರೂಪವನ್ನೋ ಕಂಡು ಜನ ಇಟ್ಟವು. ಹಾರ್ಡಿ ಎಂಬುದೇ ನಾಲ್ಕನೆಯ ಬಗೆಯದು. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಕೆಚ್ಚೆದೆಯವನು ಎಂದರ್ಥ. ಟರ್ಬರ್‌ವಿಲ್ ಮೊದಲನೆಯ ಬಗೆಗೆ ಸೇರಿದ್ದು. ನಾರ್ಮಂಡಿಯಲ್ಲಿ ತೂಬರ್‌ವಿಲ್ ಎಂಬ ಊರಿದೆ. ಹೆಸರಿನ ಮೂಲ ಅದೇ ಎನ್ನುತ್ತಾರೆ. ಊರ ಹೆಸರಿನ ಮೊದಲಕ್ಷರವನ್ನು ತಮ್ಮ ಹೆಸರಿನ ಮುಂದಿಟ್ಟುಕೊಳ್ಳುವ ನಮ್ಮವರಿಗೆ ಇದು ಹೊಸತೆನಿಸದು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ತಮ್ಮ ಊರುಗಳ ಹೆಸರುಗಳನ್ನೂ ಜೊತೆಗೆ ತಂದರು. ಬಿಟ್ಟುಬಂದ ನೆಲದ ಹೆಸರೇ ಗೆದ್ದುಕೊಂಡ ನೆಲದ ಮೇಲಿನ ಅಧಿಕಾರದ ಮುದ್ರೆಯಾಯಿತು.

ಆ ಹೆಸರಿನ ಶಾಖೆಗಳು ಮುಖ್ಯವಾಗಿ ಎರಡು ಕಡೆ ಬೇರುಬಿಟ್ಟವು. ಒಂದು, ವೇಲ್ಸಿನ ಗ್ಲಾಮೊರ್ಗನ್ ಸೀಮೆ. ಅಲ್ಲಿಯ ಕಾಯ್ಟಿ ಕೋಟೆ ಬಹುಕಾಲ ಟರ್ಬರ್‌ವಿಲ್ಲರ ಕೈಯಲ್ಲಿತ್ತು. ಮತ್ತೊಂದು, ತೆಂಕಣ ಇಂಗ್ಲೆಂಡಿನ ಡಾರ್ಸೆಟ್. ಅಲ್ಲಿಯ ಬೇರ್ ರೀಜಿಸ್ ಎಂಬ ಊರಿನ ಇಗರ್ಜಿಯ ದಕ್ಷಿಣ ಭಾಗದಲ್ಲಿ ಈ ಮನೆತನದವರ ಸಮಾಧಿಗಳೂ ಅವರ ಲಾಂಛನಗಳುಳ್ಳ ಗಾಜಿನ ಕಿಟಕಿಯೂ ಇವೆ. 18ನೆಯ ಶತಮಾನದ ಮೊದಲ ಭಾಗದಲ್ಲಿ ಡಾರ್ಸೆಟ್ಟಿನ ಹಿರಿಯ ಶಾಖೆಯ ಗಂಡುಸಂತತಿ ನಿಂತುಹೋಯಿತು. ಆದರೆ ಹೆಸರು ಪೂರ್ತಿಯಾಗಿ ನಿಲ್ಲಲಿಲ್ಲ. ಅಕ್ಷರ ಬಾರದ ರೈತರ ಬಾಯಲ್ಲಿ ಅದು ಸವೆಯುತ್ತ ಹೋಯಿತು. ‘ವಿಲ್’ ಎಂಬ ಫ್ರೆಂಚ್ ಪ್ರತ್ಯಯದ ಅರ್ಥ ಅವರಿಗೆ ತಿಳಿಯದು. ಕಣ್ಣೆದುರಿಗಿದ್ದ ‘ಫೀಲ್ಡ್’, ಅಂದರೆ ಹೊಲ, ತಿಳಿದಿತ್ತು. ಹೀಗೆ ಟರ್ಬರ್‌ವಿಲ್ ‘ಟ್ರಬಲ್‌ಫೀಲ್ಡ್’ ಆಯಿತು, ತೊಂದರೆಯ ಹೊಲ! ನಮ್ಮ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇದು ತದ್ಭವ. ಹಾರ್ಡಿ ತನ್ನ ಕರಡುಗಳ ಒಂದು ಘಟ್ಟದಲ್ಲಿ ನಾಯಕಿಗೆ ಈ ಟ್ರಬಲ್‌ಫೀಲ್ಡ್ ಎಂಬ ಹೆಸರನ್ನೇ ಇಟ್ಟಿದ್ದ. ಆಮೇಲೆ ಅದನ್ನು ಬಿಟ್ಟು ಡರ್ಬಿಫೀಲ್ಡ್ ಎಂಬುದನ್ನು ರೂಪಿಸಿಕೊಂಡ. ಮೂಲರೂಪದ ಮೊದಲಕ್ಷರವನ್ನು ಕಳೆದು ಡರ್ಬರ್‌ವಿಲ್ ಎಂದು ಮಾಡಿದ. ಬೇರ್ ರೀಜಿಸ್ ಕಾದಂಬರಿಯಲ್ಲಿ ಕಿಂಗ್ಸ್‌ಬೇರ್ ಆಯಿತು.

ಇನ್ನು ಅಲೆಕ್. ಅವನ ಹೆಸರೂ ಡರ್ಬರ್‌ವಿಲ್ಲೇ. ಆದರೆ ಅವನ ತಂದೆ ಸೈಮನ್ ಸ್ಟೋಕ್ ಎಂಬಾತ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ವ್ಯಾಪಾರಮಾಡಿ ಹಣ ಗಳಿಸಿ, ದಕ್ಷಿಣಕ್ಕೆ ಬಂದು ಜಮೀನ್ದಾರನಾಗಿ ನೆಲಸಲು ಹವಣಿಸಿದವನು. ವ್ಯಾಪಾರದ ವಾಸನೆ ಅಂಟದ ಒಂದು ಹೆಸರು ಅವನಿಗೆ ಬೇಕಾಯಿತು. ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ, ಅಳಿದುಹೋದ ಮನೆತನಗಳ ಗ್ರಂಥಗಳನ್ನು ತಿರುವಿಹಾಕಿ, ಕಿವಿಗೆ ಇಂಪಾದ ಡರ್ಬರ್‌ವಿಲ್ ಎಂಬುದನ್ನು ಆರಿಸಿಕೊಂಡ. ತತ್ಸಮ ರೂಪ ಈಗ ಹಣವಂತನ ಸೊತ್ತು; ವಂಶದಲ್ಲಿ ಹುಟ್ಟಿದವರಿಗೆ ಉಳಿದದ್ದು ತದ್ಭವ. ಟೆಸ್ ನೆಂಟಸ್ತಿಕೆ ಹೇಳಿಕೊಂಡು ಹೋದಾಗ ಅವಳ ಹೆಸರೇ ಅಪಭ್ರಂಶದಂತೆಯೂ ಅಲೆಕ್‌ನ ಹೆಸರೇ ಶುದ್ಧಪಾಠದಂತೆಯೂ ಕಾಣುತ್ತದೆ. ಹಾರ್ಡಿಯ ವ್ಯಂಗ್ಯ ಇದಕ್ಕಿಂತ ಹರಿತವಾದದ್ದು ಈ ಕಾದಂಬರಿಯಲ್ಲಿ ಮತ್ತೆಲ್ಲಿಯೂ ಇಲ್ಲ.

ಇದು ಒಂದು ಕುಟುಂಬದ ಪಾಡು ಮಾತ್ರವೆಂದು ತಿಳಿಯಬಾರದು. ಹಾಲುಗೊಲ್ಲರ ಮನೆಯ ಯಜಮಾನ ಕ್ರಿಕ್ ಒಂದೆಡೆ, ಆ ಕಣಿವೆಯನ್ನೆಲ್ಲ ಒಮ್ಮೆ ಆಳಿ ಈಗ ಮೂರು ಕಾಸಿಗೆ ಬಾಳದ ಮನೆತನಗಳ ಹೆಸರುಗಳನ್ನು ಪಟ್ಟಿಮಾಡುತ್ತಾನೆ. ಆ ಪಟ್ಟಿಯಲ್ಲಿ ಹಾರ್ಡಿ ಎಂಬ ಹೆಸರೂ ಇದೆ. ಕಾದಂಬರಿಕಾರ ತನ್ನನ್ನೂ ಹೊರಗಿಟ್ಟುಕೊಂಡಿಲ್ಲ. ಡಾರ್ಸೆಟ್ಟಿನ ಹಾರ್ಡಿಗಳು ಒಮ್ಮೆ ದೊಡ್ಡ ಹಿಡುವಳಿಗಾರರಾಗಿದ್ದರೆಂದು ಅವನು ನಂಬಿದ್ದ. 1888ರಲ್ಲಿ ಅವರ ಹಳೆಯ ಜಮೀನಿನತ್ತ ನಡೆದುಹೋಗಿ, ತನ್ನ ಮನೆತನದ ಇಳಿಗಾಲವನ್ನು ಕುರಿತು ಟಿಪ್ಪಣಿ ಬರೆದುಕೊಂಡಿದ್ದ. ಆದರೆ ಅದೇ ಕ್ರಿಕ್ ಮತ್ತೊಂದು ಪ್ರಸಂಗವನ್ನೂ ಹೇಳುತ್ತಾನೆ. ಕೆಲಸ ಕೇಳಿಕೊಂಡು ಬಂದ ಹುಡುಗನೊಬ್ಬ, ತನಗೆ ಮನೆತನದ ಹೆಸರೇ ಇಲ್ಲವೆಂದೂ ತಮ್ಮವರು ನೆಲೆನಿಂತು ಅಷ್ಟು ಕಾಲವಾಗಿಲ್ಲವೆಂದೂ ಹೇಳಿದನಂತೆ. ಹಳೆಯ ಮನೆತನಗಳನ್ನು ಕಂಡರಾಗದ ಏಂಜೆಲ್ ಕ್ಲೇರ್ ಹಿಗ್ಗಿ ಅವನ ಕೈಗೆ ಅರ್ಧ ಕ್ರೌನ್ ಇಟ್ಟನಂತೆ. ನಗುತ್ತ ಓದಿಬಿಡುವ ಈ ಪ್ರಸಂಗದಲ್ಲಿ ಏಂಜೆಲ್ಲನ ಮುಂದಿನ ನಡತೆಯ ಸೂಚನೆಯೆಲ್ಲ ಅಡಗಿದೆ.

ಏಕೆಂದರೆ ಟೆಸ್ಸಳ ಹೆಸರಿಗೆ ಏಂಜೆಲ್ ಮೂರು ಸಲ ಬೆಲೆ ಕಟ್ಟುತ್ತಾನೆ. ಮೊದಲು ಹಳೆಯ ವಂಶಗಳೆಲ್ಲ ಅವನಿಗೆ ತಿರಸ್ಕಾರದ ವಸ್ತು. ಟೆಸ್ ತನ್ನ ಮೂಲವನ್ನು ಹೇಳಿದೊಡನೆ ಅದೇ ಹೆಸರು ಆಭರಣವಾಗುತ್ತದೆ. ಇನ್ನು ಮುಂದೆ ಡರ್ಬರ್‌ವಿಲ್ ಎಂದೇ ಬರೆ, ನನ್ನ ತಾಯಿ ಒಪ್ಪಲು ಅನುಕೂಲವಾಗುತ್ತದೆ ಎನ್ನುತ್ತಾನೆ. ಮದುವೆಯ ರಾತ್ರಿ ಕಳೆಯಲು ಆ ಮನೆತನದ ಹಳೆಯ ಮನೆಯನ್ನೇ ಆರಿಸುತ್ತಾನೆ. ಹಾರ್ಡಿಯ ಮನಸ್ಸಿನಲ್ಲಿದ್ದದ್ದು ವೂಲ್ ಎಂಬ ಊರಿನ ಹಳೆಯ ಭವನ. ಟರ್ಬರ್‌ವಿಲ್ ಸ್ತ್ರೀಯರ ಚಿತ್ರಗಳು ಅದರ ಗೋಡೆಯ ಮೇಲೆ ನಿಜವಾಗಿಯೂ ಇದ್ದವು. ಆ ರಾತ್ರಿ ಟೆಸ್ ತನ್ನ ಹಿಂದಿನ ದುಃಖವನ್ನು ತೋಡಿಕೊಂಡ ಮೇಲೆ ಆಭರಣವಾಗಿದ್ದ ಹೆಸರೇ ಆರೋಪವಾಗುತ್ತದೆ: ಕ್ಷೀಣಿಸಿದ ವಂಶದವಳಿಂದ ಮತ್ತೇನನ್ನು ನಿರೀಕ್ಷಿಸಬಹುದು! ಹೆಸರೊಂದೇ, ಹೆಣ್ಣೂ ಒಬ್ಬಳೇ. ಬದಲಾದದ್ದು ಬೆಲೆ ಕಟ್ಟುವವನ ಅನುಕೂಲ.

ಇಲ್ಲಿ ಒಂದು ಪೂರ್ವಪಕ್ಷಕ್ಕೆ ಉತ್ತರ ಹೇಳಬೇಕು. ನೆತ್ತರಿನ ಶಾಪವೇ ಈ ದುರಂತದ ಕಾರಣವೆಂದು ವಾದಿಸುವವರಿಗೆ ಹಾರ್ಡಿಯೇ ಆಧಾರ ಒದಗಿಸಿದ್ದಾನೆ. ಗೋಡೆಯ ಚಿತ್ರಗಳಲ್ಲಿ ಟೆಸ್ಸಳ ಚಹರೆ ಕಾಣುತ್ತದೆ. ಕೊಲೆಯ ನೆನಪು ಹೊತ್ತ ಮನೆತನದ ಸಾರೋಟಿನ ಐತಿಹ್ಯ ಆಗಾಗ ತಲೆಹಾಕುತ್ತದೆ. ಕಣದಲ್ಲಿ ಅಲೆಕ್‌ನ ಮುಖಕ್ಕೆ ಅವಳು ಕೈಗವಸಿನಿಂದ ಬಾರಿಸಿದಾಗ, ಕವಚಧಾರಿಗಳಾದ ಪೂರ್ವಿಕರನ್ನು ಲೇಖಕ ನೆನೆಯುತ್ತಾನೆ. ಇವು ಕಾದಂಬರಿಯ ಬಲವಾದ ಭಾಗಗಳಲ್ಲವೆಂಬುದೇ ನನ್ನ ಅಭಿಪ್ರಾಯ. ಸಾರೋಟಿನ ಕಥೆಯನ್ನು ತೆಗೆದುಹಾಕಿದರೆ ಕೃತಿಗೆ ನಷ್ಟವೇನೂ ಇಲ್ಲ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಅಲೆಕ್‌ನಿಂದ ಟೆಸ್ ಕೆಟ್ಟ ರಾತ್ರಿಯ ವರ್ಣನೆಯಲ್ಲಿ ಹಾರ್ಡಿ ಇದೇ ವಾದವನ್ನು ಎತ್ತಿ ತಾನೇ ಕೆಳಗಿಡುತ್ತಾನೆ. ಅವಳ ಪೂರ್ವಿಕರೂ ಬಡಹೆಣ್ಣುಗಳಿಗೆ ಇದನ್ನೇ ಮಾಡಿರಬಹುದು. ಆದರೆ ಹಿರಿಯರ ಪಾಪವನ್ನು ಕಿರಿಯರ ಮೇಲೆ ಹೊರಿಸುವ ನ್ಯಾಯ ದೇವತೆಗಳಿಗೆ ಒಪ್ಪಿಗೆಯಾದರೂ ಮನುಷ್ಯರ ಮನಸ್ಸಿಗೆ ಒಪ್ಪುವಂಥದ್ದಲ್ಲ ಎಂಬುದು ಅಲ್ಲಿಯ ತಾತ್ಪರ್ಯ.

ಹಾಗಾದರೆ ಬೇರು ಎಲ್ಲಿದೆ? ಕಾದಂಬರಿ ಬರುವ ಹಿಂದಿನ ವರ್ಷ, 1890ರಲ್ಲಿ, ಎಚ್. ಬಿ. ಗಪ್ಪಿ ಎಂಬ ವಿದ್ವಾಂಸ ಬ್ರಿಟನ್ನಿನ ಕುಲನಾಮಗಳ ತವರುಗಳನ್ನು ಗುರುತಿಸುವ ಗ್ರಂಥವೊಂದನ್ನು ಪ್ರಕಟಿಸಿದ. ಯಾವ ಹೆಸರು ಯಾವ ಸೀಮೆಯಲ್ಲಿ ದಟ್ಟವಾಗಿದೆ ಎಂದು ತಿಳಿಯಲು ಅವನು ಊರೂರಿನ ರೈತರ ಪಟ್ಟಿಗಳನ್ನು ಎಣಿಸಿದ. ತಲೆಮಾರುಗಳಿಂದ ನೆಲ ಬಿಟ್ಟು ಕದಲದವರು ರೈತರು. ಆದ್ದರಿಂದ ಹೆಸರಿನ ತವರನ್ನು ಅವರಲ್ಲಿಯೇ ಹುಡುಕಬೇಕೆಂಬುದು ಅವನ ತರ್ಕ. ಹಿಡುವಳಿದಾರರ ಮಟ್ಟಿಗೆ ತರ್ಕ ಸರಿಯಾದದ್ದೇ. ಆದರೆ ಅವರ ಕೆಳಗೆ, ಸ್ವಂತ ಹೊಲವಿಲ್ಲದೆ ಹಳ್ಳಿಯಲ್ಲಿ ಬಾಳುತ್ತಿದ್ದವರನ್ನು ಹಾರ್ಡಿ ಕಂಡಿದ್ದ. 1883ರಲ್ಲಿ ಡಾರ್ಸೆಟ್ಟಿನ ಕೂಲಿಕಾರರನ್ನು ಕುರಿತು ಬರೆದ ಲೇಖನದಲ್ಲಿ, ಅಂಥವರು ಊರುಬಿಟ್ಟು ಊರು ಅಲೆಯುತ್ತಿರುವುದನ್ನು ಅವನು ವಿವರಿಸಿದ್ದಾನೆ. ಆ ಲೇಖನದ ಭಾಗಗಳನ್ನೇ ‘ಟೆಸ್’ ಕಾದಂಬರಿಯ ಕೊನೆಯ ಭಾಗದಲ್ಲಿ ಮತ್ತೆ ಬಳಸಿಕೊಂಡಿದ್ದಾನೆ.

ಅಲೆತಕ್ಕೆ ಒಂದು ಕಾರಣ ಅಲ್ಲಿಯ ಗೇಣಿಯ ಕ್ರಮ. ಮೂರು ಜನರ ಹೆಸರನ್ನು ಪತ್ರದಲ್ಲಿ ಬರೆದು, ಆ ಮೂವರಲ್ಲಿ ಕೊನೆಯವನು ಸಾಯುವವರೆಗೆ ಮನೆಯನ್ನು ಕೊಡುವ ಪದ್ಧತಿಯಿತ್ತು. ಹಾರ್ಡಿ ಹುಟ್ಟಿದ ಮನೆಯೂ ಇಂಥ ಜೀವಾವಧಿ ಗೇಣಿಯದೇ. ಟೆಸ್ಸಳ ಮನೆಯ ಪತ್ರದಲ್ಲಿ ಉಳಿದಿದ್ದ ಕೊನೆಯ ಜೀವ ಅವಳ ತಂದೆಯದು. ಅವನು ಸತ್ತೊಡನೆ ಮನೆ ಒಡೆಯನದಾಯಿತು. ಶತಮಾನಗಳ ವಂಶಾವಳಿಯ ‘ಸರ್ ಜಾನ್’ ಎಂಬ ಹೆಸರಿಗೆ ಸಿಗದ ಬೆಲೆ ಗೇಣಿಪತ್ರದ ಜಾನ್ ಎಂಬ ಹೆಸರಿಗಿತ್ತು; ಅದು ಅಳಿಸಿಹೋದದ್ದೇ ಸಂಸಾರ ಬೀದಿಗೆ ಬಂತು. ಏಪ್ರಿಲ್ 6ರಂದು, ಕೂಲಿಕಾರರು ಮನೆ ಬದಲಾಯಿಸುವ ದಿನ, ಗಂಟುಮೂಟೆ ಗಾಡಿಗೇರಿಸಿ ಅವರು ಹೊರಡುವುದು ಎಲ್ಲಿಗೆ? ಕಿಂಗ್ಸ್‌ಬೇರಿಗೆ, ಹೆಸರಿನ ತವರಿಗೆ. ಅಲ್ಲಿ ಗೊತ್ತುಮಾಡಿದ್ದ ಕೋಣೆಗಳು ಬೇರೆಯವರ ಪಾಲಾಗಿವೆ. ತಾಯಿ ಇಗರ್ಜಿಯ ಗೋಡೆಯ ಪಕ್ಕ, ಡರ್ಬರ್‌ವಿಲ್ ಕಿಟಕಿಯ ಕೆಳಗೆ ಮಂಚ ಹೂಡಿ ಮಕ್ಕಳನ್ನು ಮಲಗಿಸುತ್ತಾಳೆ. ಒಳಗೆ ಪೂರ್ವಿಕರಿಗೆ ಕಲ್ಲಿನ ಹಾಸಿಗೆಗಳಿವೆ. ಹೊರಗೆ ಮೊಮ್ಮಕ್ಕಳಿಗೆ ಸೂರಿಲ್ಲ. ಸಮಾಧಿಯ ಮೇಲೆ ಮಲಗಿದ್ದ ಅಲೆಕ್ ಎದ್ದು ನಿಂತು, ಕೆಳಗಿರುವ ನಿಜವಾದವರೆಲ್ಲರಿಗಿಂತ ಈ ಹುಸಿ ಡರ್ಬರ್‌ವಿಲ್ಲನಿಂದಲೇ ನಿನಗೆ ಹೆಚ್ಚು ಸಹಾಯವಾದೀತೆನ್ನುತ್ತಾನೆ. ಅದು ನಿಜವಾದ ಮಾತಾದದ್ದರಿಂದಲೇ ಭಯಂಕರವಾದದ್ದು. ಟೆಸ್ ಅವನ ಬಳಿಗೆ ಮರಳುವುದಕ್ಕೆ ವಂಶದ ದೋಷವನ್ನು ಹುಡುಕಬೇಕಾಗಿಲ್ಲ. ತಮ್ಮ ತಂಗಿಯರಿಗೆ ಮನೆಯಿಲ್ಲ, ಇಷ್ಟು ಸಾಕು.

ವಿಧಿಯೆಂದು ಹೇಳಿ ಪುಸ್ತಕ ಮುಚ್ಚುವುದು ನಮಗೆ ಸುಲಭ. ಕರ್ಮದ ಮಾತು ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಆದರೆ ಹಾಗೆ ಹೇಳಿದರೆ ಗೇಣಿಪತ್ರದ ಒಡೆಯನೂ, ಹಣಕೊಟ್ಟು ಹೆಸರು ಮೆರೆದವನೂ, ಹೆಸರಿಗೆ ಬೆಲೆ ಕಟ್ಟಿದವನೂ ಒಟ್ಟಿಗೆ ಪಾರಾಗುತ್ತಾರೆ. ಹಾರ್ಡಿ ಅವರನ್ನು ಪಾರುಮಾಡಿಲ್ಲ.

ಇಂದು ಆ ಕುಲನಾಮದ ಸವೆದ ರೂಪಗಳು ಅಟ್ಲಾಂಟಿಕ್ ಸಾಗರದ ಆಚೆಯೂ ಕಾಣಸಿಗುತ್ತವೆ. ಅಮೆರಿಕದ ಉತ್ತರ ಕೆರೊಲೈನದಲ್ಲಿ ಟರ್ಬಿಫಿಲ್ ಎಂಬ ಮನೆತನಗಳಿವೆ. ದಕ್ಷಿಣ ಕೆರೊಲೈನದಲ್ಲಿ ಟರ್ಬೆವಿಲ್ ಎಂಬ ಊರೇ ಇದೆ. ಊರಿನಿಂದ ಹುಟ್ಟಿದ ಹೆಸರು ಹೊಸ ನೆಲದಲ್ಲಿ ಮತ್ತೆ ಊರಾಯಿತು. ತವರಿನ ಇಗರ್ಜಿಯಲ್ಲಿ ಕಲ್ಲಿನ ಕೆಳಗೆ ಉಳಿದವರನ್ನು ಹಾರ್ಡಿ ಕಾದಂಬರಿಯ ಕೊನೆಯ ಪರಿಚ್ಛೇದದಲ್ಲಿ ಮತ್ತೊಮ್ಮೆ ನೆನೆಯುತ್ತಾನೆ. ಟೆಸ್ಸಳನ್ನು ಗಲ್ಲಿಗೇರಿಸಿದ ಕರಿಯ ಬಾವುಟ ಮೇಲೇರುತ್ತದೆ. ಆ ವೀರರೂ ಅವರ ಹೆಂಡಿರೂ ಏನನ್ನೂ ಅರಿಯದೆ ನಿದ್ರಿಸುತ್ತಲೇ ಇರುತ್ತಾರೆ. ಅವಳ ಹೆಸರಿನಿಂದ ಅವಳಿಗೆ ದೊರೆತ ನೆರವು ಅಷ್ಟೇ.