ಅಧಿಕಾರಿಯೂ ನೆರೆಯವನೂ: ರೋಮಾಪುರ 13ರ ನಮ್ಮ ವಾಚನದ ವಿಮರ್ಶೆ

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ನಾವು ಬೋಧಿಸುವ ಕ್ರಮದಲ್ಲಿ ಒಂದು ಕೊರತೆಯಿದೆ. ಮೇಲಧಿಕಾರಿಗಳಿಗೆ ಎಲ್ಲಿಯವರೆಗೆ ಅಧೀನರಾಗಿರಬೇಕು ಎಂಬ ಪ್ರಶ್ನೆಯಲ್ಲಿಯೇ ನಮ್ಮ ಚರ್ಚೆ ಮುಗಿದುಹೋಗುತ್ತದೆ. ಸರ್ಕಾರವೂ ಸಭೆಯೂ ಮೊದಲೇ ಸಿದ್ಧವಾಗಿ ಎದುರುಬದುರು ನಿಂತಿವೆಯೆಂದು ಭಾವಿಸುತ್ತೇವೆ. ಅಧಿಕಾರವು ತಾನು ಆಳುವ ಸಮುದಾಯಗಳ ಎಲ್ಲೆಗಳನ್ನೇ ಗೊತ್ತುಪಡಿಸುತ್ತದೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ.

ಕಲಬುರಗಿ ಜಿಲ್ಲೆಯನ್ನು ನೋಡೋಣ. ಆಳಂದ ತಾಲ್ಲೂಕಿನ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿ ಸೀಮೆಗೆ ಹರಿಯುತ್ತದೆ. ಗಾಣಗಾಪುರದ ನರಸಿಂಹ ಸರಸ್ವತಿಯವರ ಮಹಿಮೆಯನ್ನು ಹೇಳುವ ಮರಾಠಿ ಗುರುಚರಿತ್ರೆಯಲ್ಲಿ ಹುಣ್ಣಿನಿಂದ ನರಳುವ ಮುಸಲ್ಮಾನ ಅರಸನೊಬ್ಬನು ಗುರುವಿನಿಂದ ಗುಣಹೊಂದುತ್ತಾನೆ. ಆಳಂದದಲ್ಲಿಯಾದರೋ, ತುಕಾರಾಮರ ಗುರುಪರಂಪರೆಯಲ್ಲಿ ಹೆಸರಿಸಲ್ಪಡುವ ರಾಘವ ಚೈತನ್ಯರ ಹೆಸರಿನ ಶಿವಲಿಂಗವು ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿಯೇ ಇದೆ. ಇದನ್ನೆಲ್ಲ ಕಂಡು ಇಲ್ಲಿ ಎಂದೂ ಕಲಹವೇ ಇರಲಿಲ್ಲವೆಂದರೆ ಸುಳ್ಳಾದೀತು. 1948ರಲ್ಲಿ ರಜಾಕಾರರ ಹಾವಳಿಯನ್ನೂ, ಪೊಲೀಸ್ ಕಾರ್ಯಾಚರಣೆಯ ಬಳಿಕ ಮುಸಲ್ಮಾನರ ಮೇಲೆ ನಡೆದ ಪ್ರತೀಕಾರವನ್ನೂ ಈ ನೆಲ ಕಂಡಿದೆ. ಅತಿಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದೆಂದು ಪಂಡಿತ್ ಸುಂದರಲಾಲರ ತಂಡ ವರದಿಮಾಡಿತು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಮೌನವೂ ಅಧಿಕಾರದ ಒಂದು ಉಪಕರಣವೇ.

2022ರ ಮಾರ್ಚ್ 1ರ ಶಿವರಾತ್ರಿಯಂದು ಆಳಂದದಲ್ಲಿ ಲಿಂಗಪೂಜೆಯ ವಿಷಯದಲ್ಲಿ ಘರ್ಷಣೆಯಾಯಿತು, ಕಲ್ಲುಗಳು ತೂರಿದವು. ಪೂಜೆಗಾಗಿ ಧ್ವನಿಯೆತ್ತಿದವರಲ್ಲಿ ಜೇವರ್ಗಿ ತಾಲ್ಲೂಕಿನ ಆಂದೋಲದ ಮಠಾಧೀಶರು ಪ್ರಮುಖರು. ವ್ಯಾಜ್ಯವು ವಕ್ಫ್ ನ್ಯಾಯಮಂಡಳಿಗೂ ಹೈಕೋರ್ಟಿಗೂ ಹೋಯಿತು. 2025ರ ಶಿವರಾತ್ರಿಗೆ ಹೈಕೋರ್ಟಿನ ಕಲಬುರಗಿ ಪೀಠವು 15 ಜನರಿಗೆ ಪೂಜೆಯ ಅನುಮತಿಯನ್ನು ಕೊಟ್ಟಿತು. ಮುಸಲ್ಮಾನರಿಗೆ ಪೂರ್ವಾಹ್ನ, ಹಿಂದೂಗಳಿಗೆ ಅಪರಾಹ್ನ ಎಂದು ಹೊತ್ತು ಹಂಚಿಕೆಯಾಯಿತು.

ನ್ಯಾಯಾಲಯವನ್ನು ನಾವು ದೂರುತ್ತಿಲ್ಲ. ರಕ್ತಪಾತವನ್ನು ತಡೆಯುವುದು ದೇವರು ಅಧಿಕಾರಕ್ಕೆ ಒಪ್ಪಿಸಿದ ಸೇವೆ; ಪೌಲನ ಮಾತಿಗೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ಆದರೆ ನ್ಯಾಯಪೀಠವು ಕೇಳಬಲ್ಲದ್ದು ವಾದಿ ಪ್ರತಿವಾದಿಗಳ ಮಾತನ್ನು ಮಾತ್ರ. ಗೋರಿಗೂ ಲಿಂಗಕ್ಕೂ ಕೈಮುಗಿಯಬಯಸುವ ಭಕ್ತಳೊಬ್ಬಳಿದ್ದರೆ ಅವಳು ಯಾವ ಪಕ್ಷದವಳು? ಅವಳ ಭಕ್ತಿಗೆ ವಕಾಲತ್ತು ಹಾಕುವವರಿಲ್ಲ. ಗಡಿಯಾರವು ಅವಳನ್ನು ಯಾವುದಾದರೊಂದು ಕಡೆಗೆ ಸೇರಿಸಿಬಿಡುತ್ತದೆ. ಮಠ, ವಕ್ಫ್ ಮಂಡಳಿ, ಜಿಲ್ಲಾಡಳಿತ ಮೂರೂ ತಮ್ಮ ತಮ್ಮ ಕೆಲಸವನ್ನೇ ಮಾಡಿದರೂ ನೆರೆಹೊರೆ ಎಂಬುದು ಹೀಗೆ ಸವೆಯುತ್ತದೆ.

ನಮ್ಮ ವಾಚನವು ಎಡವುವುದು ಇಲ್ಲಿಯೇ. ಅಧಿಕಾರದ ಕುರಿತ ಪಾಠವನ್ನು ನಾವು 7ನೆಯ ವಚನಕ್ಕೆ ನಿಲ್ಲಿಸುತ್ತೇವೆ. 8ನೆಯ ವಚನದಿಂದ ಪ್ರೀತಿಯೆಂಬ ಬೇರೆಯ ಪಾಠ. ಗ್ರೀಕ್ ಮೂಲವು ಹಾಗೆ ತುಂಡಾಗಿಲ್ಲ. ಕಂದಾಯ, ಸುಂಕ, ಮರ್ಯಾದೆಗಳನ್ನು ಸಲ್ಲಿಸಬೇಕಾದ ಬಾಕಿಯೆಂದು ಹೇಳುವ ಶಬ್ದವೂ ಪ್ರೀತಿಯನ್ನು ಋಣವೆಂದು ಹೇಳುವ ಶಬ್ದವೂ ಒಂದೇ ಧಾತುವಿನವು. ಅಧಿಕಾರಿಗೆ ಸಲ್ಲಬೇಕಾದದ್ದು ಸಂದರೆ ತೀರಿತು. ನೆರೆಯವನಿಗೆ ಸಲ್ಲಬೇಕಾದದ್ದು ತೀರುವುದೇ ಇಲ್ಲ. ಆ ನೆರೆಯವನು ಯಾವ ಸಮುದಾಯದವನೆಂದು ಪೌಲನು ಹೇಳುವುದೂ ಇಲ್ಲ.

ಆಳಂದದ ಮಾತು ನಮ್ಮದಲ್ಲವೆಂದು ಸಭಾಪಾಲಕರು ತಳ್ಳಿಹಾಕಲಾಗದು. ಆಸ್ತಿ ಯಾರದು, ಅಧ್ಯಕ್ಷರು ಯಾರು ಎಂದು ನಮ್ಮ ಸಭೆಗಳೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿವೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯವು ನಮ್ಮ ಪ್ರಸಂಗಪೀಠಗಳಲ್ಲಿ ಅಪರೂಪವಾಗಿರುವುದಕ್ಕೆ ಬಹುಶಃ ಇದೂ ಒಂದು ಕಾರಣ. ನಮ್ಮಲ್ಲಿಯೂ ಸದಸ್ಯರ ದಾಖಲೆಪುಸ್ತಕಗಳಿವೆ, ಸ್ಮಶಾನದ ಗೋಡೆಗಳಿವೆ. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಬರಹವನ್ನು ಅವುಗಳಲ್ಲಿ ಬರೆದ ಕೈ ಸರ್ಕಾರದ್ದಲ್ಲ.