ಅನುಕರಣ ಮತ್ತು ಅಣಕ

‘ಅಣಕ’ವೆಂಬ ಪದಕ್ಕೆ ‘ಅನುಕರಣ’ವೆಂದೇ ಅರ್ಥ ಹೇಳಿ ಮುಂದೆ ಸಾಗುವ ರೂಢಿಯು ಪಾಠಪ್ರವಚನಗಳಲ್ಲಿ ಅಲ್ಲಲ್ಲಿ ಕಂಡುಬರುತ್ತದೆ. ಒಬ್ಬರಂತೆ ಮತ್ತೊಬ್ಬರು ಮಾಡುವುದೆಂಬ ಅಂಶವು ಎರಡಕ್ಕೂ ಸಮಾನವಾದುದರಿಂದ ಈ ಭ್ರಾಂತಿಯು ಹುಟ್ಟಿತು. ಪ್ರಯೋಗವನ್ನು ಪರೀಕ್ಷಿಸಿದರಾದರೋ ಇವು ಪರ್ಯಾಯಪದಗಳಲ್ಲವೆಂಬುದು ಸ್ಪಷ್ಟವಾಗುತ್ತದೆ. ಶಿಷ್ಯನು ಗುರುವಿನ ಉಚ್ಚಾರಣೆಯನ್ನು ಅನುಕರಿಸುತ್ತಾನೆಂದರೆ ಪ್ರಶಂಸೆ, ಅಣಕಿಸುತ್ತಾನೆಂದರೆ ದೂರು. ವೈಯಾಕರಣರು ಧಗಧಗ, ಜುಳುಜುಳು ಮೊದಲಾದುವನ್ನು ಅನುಕರಣಾವ್ಯಯಗಳೆಂದು ಕರೆದಿರುವರಲ್ಲದೆ ಅಣಕದ ಶಬ್ದಗಳೆಂದು ಕರೆದಿಲ್ಲ. ನೀರಿನ ಸದ್ದನ್ನು ಅನುಸರಿಸುವ ನಾಲಗೆಗೆ ನೀರಿನಲ್ಲಿ ತಿರಸ್ಕಾರವಿಲ್ಲವಷ್ಟೆ.

ಸಂಸ್ಕೃತದಲ್ಲಿಯೂ ‘ಅಣಕ’ ಶಬ್ದವುಂಟು. ಪಾಣಿನಿಯು ಸಮಾಸಪ್ರಕರಣದ ಸೂತ್ರವೊಂದರಲ್ಲಿ (೨.೧.೫೪) ಅದನ್ನು ‘ಪಾಪ’ ಶಬ್ದದೊಡನೆ ಸೇರಿಸಿ ನಿಂದಾರ್ಥದಲ್ಲಿ ಗ್ರಹಿಸಿದ್ದಾನೆ. ಆದರೆ ಅಲ್ಲಿ ಅದು ನಿಂದ್ಯನಾದವನಿಗೆ ಸಲ್ಲುವ ವಿಶೇಷಣ. ಕನ್ನಡದಲ್ಲಿ ನಿಂದಿಸುವ ಕ್ರಿಯೆಯ ಹೆಸರು. ಧ್ವನಿಸಾಮ್ಯಮಾತ್ರದಿಂದ ತತ್ಸಮತ್ವವು ಸಿದ್ಧಿಸದು.

ಭರತನು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಪರರ ಚೇಷ್ಟೆಗಳ ಅನುಕರಣದಿಂದ ಹಾಸವು ಹುಟ್ಟುವುದೆಂದು ಹೇಳಿದ್ದಾನೆ. ಸ್ಥಾಯಿಯ ಅನುಕರಣವೇ ರಸವೆಂದ ಶ್ರೀಶಂಕುಕನ ಮತವನ್ನು ಭಟ್ಟತೌತನೂ ಅವನ ಶಿಷ್ಯನಾದ ಅಭಿನವಗುಪ್ತನೂ ಖಂಡಿಸಿದರು. ಅನುಕರಣವು ನಗೆಯನ್ನು ತರುವುದಲ್ಲದೆ ರಸವನ್ನು ತಾರದೆಂಬುದು ಅಭಿನವಗುಪ್ತನ ಆಕ್ಷೇಪಗಳಲ್ಲೊಂದು. ಧನಂಜಯನಾದರೋ ಅವಸ್ಥೆಯ ಅನುಕೃತಿಯನ್ನೇ ನಾಟ್ಯವೆಂದನು. ಒಂದೇ ಧಾತುವಿನ ಶಬ್ದವು ನಗೆಗೂ ನಾಟ್ಯಕ್ಕೂ ಸಲ್ಲಬೇಕಾದುದರಿಂದ ಈ ವಿವಾದಕ್ಕೆ ಎಡೆ ಹೆಚ್ಚಾಯಿತು. ಕನ್ನಡಕ್ಕೆ ಎರಡು ಪದಗಳಿವೆ. ಇದ್ದ ಭೇದವನ್ನು ಅಳಿಸಿಕೊಳ್ಳುವುದು ಜಾಣತನವಲ್ಲ.

ಈ ಭೇದವು ನಿಘಂಟಿನ ವಿಷಯಮಾತ್ರವಲ್ಲವೆಂಬುದಕ್ಕೆ ಉಡುಪಿಯ ಅಷ್ಟಮಿಯೇ ಸಾಕ್ಷಿ. ವಿಟ್ಲಪಿಂಡಿಯಂದು ರಥಬೀದಿಯಲ್ಲಿ ಕುಣಿಯುವ ಹುಲಿವೇಷದವನು ಹುಲಿಯ ನಡೆಯನ್ನೂ ನೆಗೆತವನ್ನೂ ತನ್ನ ಮೈಗೆ ತಂದುಕೊಳ್ಳುತ್ತಾನೆ. ನೋಡುವವರಿಗೆ ಹುಲಿಯ ಮೇಲಣ ಬೆರಗು ಹೆಚ್ಚುತ್ತದೆ. ಇದು ಅನುಕರಣ. ತುಳುನಾಡಿನ ಹಬ್ಬಗಳಲ್ಲಿ ಹಿಂದೆ ಹಾಕುತ್ತಿದ್ದ ಕೊರಗವೇಷದಲ್ಲಿಯೂ ಸಾದೃಶ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಮೈಗೆ ಮಸಿ ಬಳಿದುಕೊಂಡು ಬೀದಿಗೆ ಬಂದ ಆ ವೇಷವು ಕೊರಗಸಮುದಾಯವನ್ನು ನಗೆಗೀಡುಮಾಡುತ್ತಿತ್ತು. ಇದು ಅಣಕ. ಕೊರಗರನ್ನು ಹೀನರೆಂದು ಕಾಣುವ ಅಜಲು ಪದ್ಧತಿಯನ್ನು ಕರ್ನಾಟಕವು ೨೦೦೦ದ ಅಧಿನಿಯಮದಿಂದ ನಿಷೇಧಿಸಬೇಕಾಯಿತೆಂಬುದನ್ನು ನೆನೆದರೆ, ಇಂತಹ ನಗೆಯು ಯಾವ ನೆಲದಲ್ಲಿ ಬೆಳೆಯಿತೆಂಬುದು ತಿಳಿಯುತ್ತದೆ. ‘ಅನುಕರಿಸಿದರಷ್ಟೆ’ ಎಂಬ ಸಮಾಧಾನವು ಅಲ್ಲಿ ನಿಲ್ಲದು.

ಸಾಹಿತ್ಯದಲ್ಲಿ ಇದಕ್ಕೆ ಕಾರ್ಕಳ ಸೀಮೆಯ ನಂದಳಿಕೆಯವನಾದ ಮುದ್ದಣನೇ (೧೮೭೦–೧೯೦೧) ನಿದರ್ಶನ. ಉಡುಪಿಯಲ್ಲಿ ವ್ಯಾಯಾಮಶಿಕ್ಷಕನಾಗಿದ್ದ ಈ ಲಕ್ಷ್ಮೀನಾರಣಪ್ಪನು ಹಳಗನ್ನಡದ ಮಾರ್ಗವನ್ನು ಅನುಸರಿಸಿ ಬರೆದು, ತನ್ನ ಕೃತಿಗಳನ್ನು ಪ್ರಾಚೀನಗ್ರಂಥಗಳೆಂಬಂತೆ ಮೈಸೂರಿಗೆ ಕಳುಹಿಸಿದನು. ಅವು ಹಾಗೆಯೇ ಸಂದುವು. ಪೂರ್ವಕವಿಗಳ ಶೈಲಿಯನ್ನು ಅವನು ಗೇಲಿಮಾಡಲಿಲ್ಲ, ಅದರಲ್ಲಿ ನೆಲೆಸಿದನು. ಆದುದರಿಂದ ‘ಬರಿಯ ಅನುಕರಣ’ವೆಂಬ ನಿಂದೆಯು ಶ್ರೀರಾಮಾಶ್ವಮೇಧಕ್ಕೆ ತಗಲದು. ಅದೇ ಗ್ರಂಥದಲ್ಲಿ ಅಣಕವೂ ಇದೆ: ಸಂಸ್ಕೃತಭೂಯಿಷ್ಠವಾದ ಪತಿಯ ಮಾತನ್ನು ಮನೋರಮೆಯು ಹಾಸ್ಯಮಾಡುತ್ತಾಳೆ. ಆದರೆ ಆ ನಗೆಗೆ ಗುರಿಯಾದವನು ಕವಿಯೇ. ತನ್ನ ಪಾಂಡಿತ್ಯವನ್ನೇ ಅವನು ಒಡ್ಡಿಕೊಂಡಿದ್ದಾನೆ. ಆದುದರಿಂದಲೇ ಆ ಅಣಕವು ಶೃಂಗಾರಕ್ಕೆ ಪೋಷಕವಾಯಿತು.

ಸಾದೃಶ್ಯವೆಷ್ಟೆಂಬುದರಿಂದ ಈ ಎರಡು ಪದಗಳ ನಿರ್ಣಯವಾಗದು. ದೃಷ್ಟಿಯು ಎಲ್ಲಿ ನೆಟ್ಟಿದೆಯೆಂಬುದರಿಂದ ಆಗುತ್ತದೆ. ಅನುಕರಿಸುವವನು ಅನುಕಾರ್ಯವನ್ನು ನೋಡುತ್ತಾನೆ. ಅಣಕಿಸುವವನು ನಗುವವರ ಮುಖವನ್ನು ನೋಡುತ್ತಾನೆ. ಕವಿಯನ್ನು ಅನುಕಾರಿಯೆಂದು ತೆಗೆದುಹಾಕುವ ಮುನ್ನ ವಿಮರ್ಶಕನೂ, ಪದಕ್ಕೆ ಅರ್ಥ ಹೇಳುವ ಮುನ್ನ ಅಧ್ಯಾಪಕನೂ ಇದನ್ನು ವಿಚಾರಿಸತಕ್ಕುದು.