ಮುಗಿದುಹೋದ ದರ್ಬಾರಿನ ಚಿತ್ರಕಾರ

ಬಹಾದುರ್ ಶಾ ಜಫರ್ ಎಂದಾಕ್ಷಣ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಒಂದೇ ಚಿತ್ರ. 1858ರಲ್ಲಿ, ದಿಲ್ಲಿಯಲ್ಲಿ ಬ್ರಿಟಿಷರ ಸೆರೆಯಲ್ಲಿದ್ದಾಗ ತೆಗೆದ ಫೋಟೊ ಅದು. ಒರಗಿಕೊಂಡ ಮುದುಕ, ಬಿಳಿಗಡ್ಡ, ಏನನ್ನೂ ನಿರೀಕ್ಷಿಸದ ಕಣ್ಣುಗಳು. ಉರ್ದು ಶಾಲೆಯಲ್ಲಿ ಜಫರ್ ಗಜಲುಗಳನ್ನು ಬಾಯಿಪಾಠ ಮಾಡಿದ ನನ್ನಂಥವರಿಗೆ ಗಜಲೂ ಆ ಫೋಟೊವೂ ಒಂದರೊಳಗೊಂದು ಬೆರೆತುಹೋಗಿವೆ. ಆದರೆ ಒಂದು ಮಾತನ್ನು ನಾವು ಮರೆಯುತ್ತೇವೆ. ಆ ಕ್ಯಾಮೆರಾ ಗೆದ್ದವರದು. ಸೋತವನನ್ನು ಹೇಗೆ ನೋಡಬೇಕೆಂದು ತೀರ್ಮಾನಿಸಿದವರೂ ಅವರೇ.

ಜಫರ್ ಅವರ ಇನ್ನೊಂದು ಚಿತ್ರ ಲಾಹೋರಿನ ಕೋಟೆಯಲ್ಲಿದೆ. ಅದು 1854ರ ಸುಮಾರಿನ ತೈಲಚಿತ್ರ. ಇಲ್ಲಿಯೂ ಮುಖ ಕೃಶವಾಗಿದೆ, ಗಡ್ಡ ಬಿಳಿಯಾಗಿದೆ. ಆದರೆ ತಲೆಯ ಮೇಲೆ ಕಿರೀಟವಿದೆ, ಕೊರಳಲ್ಲಿ ಮುತ್ತುಗಳಿವೆ. ಕೆಂಪುಕೋಟೆಯ ಆಚೆಗೆ ಆಜ್ಞೆ ನಡೆಯದ ಬಾದಶಹ ಇಲ್ಲಿ ಇನ್ನೂ ಬಾದಶಹನೇ. ಬರೆದವನು ಇಂಗ್ಲಿಷನಲ್ಲ, ಹಂಗೇರಿಯವನು. ಹೆಸರು ಆಗಸ್ಟ್ ಶೆಫ್ಟ್. ಅವನ ದೇಶದವರು ಆಗೋಶ್ಟೋನ್ ಎನ್ನುತ್ತಾರೆ. ಯುರೋಪಿನ ಕಲಾಚರಿತ್ರೆಗಳಲ್ಲಿ ಈತನಿಗೆ ಸಿಗುವುದು ಹೆಚ್ಚೆಂದರೆ ಒಂದೆರಡು ಸಾಲು. ನಮ್ಮಲ್ಲಂತೂ ಹೆಸರು ಕೇಳಿದವರೇ ವಿರಳ. ಮೂಲ ಚಿತ್ರಗಳನ್ನು ನಾನು ಕಂಡಿಲ್ಲ. ಗಡಿಯಾಚೆಗಿನ ಗೋಡೆಯ ಮೇಲಿರುವುದನ್ನು ಅಚ್ಚಿನಲ್ಲಿ ನೋಡಿಯೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಶೆಫ್ಟ್ ಹುಟ್ಟಿದ್ದು 1809ರಲ್ಲಿ, ಪೆಸ್ಟ್ ನಗರದ ಚಿತ್ರಕಾರರ ಮನೆತನದಲ್ಲಿ. ಕಲಿತದ್ದು ವಿಯೆನ್ನಾದಲ್ಲಿ. ಹಂಗೇರಿ ಆಗ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಕೆಳಗಿತ್ತು. ಪರರ ಆಳ್ವಿಕೆಯಲ್ಲಿ ತಮ್ಮ ಭಾಷೆ, ತಮ್ಮ ಮೂಲ ಯಾವುದೆಂದು ಹುಡುಕುತ್ತಿದ್ದ ಕಾಲ ಅದು. ಮಗ್ಯಾರ್ ಜನ ಪೂರ್ವದಿಂದ ಬಂದವರೆಂಬ ನಂಬಿಕೆ ಅಲ್ಲಿನ ರೊಮ್ಯಾಂಟಿಕ್ ಮನಸ್ಸನ್ನು ಆಳುತ್ತಿತ್ತು. ಆ ಮೂಲವನ್ನು ಹುಡುಕಿಕೊಂಡು 1819ರಲ್ಲಿ ಹೊರಟ ಚೋಮಾ ದ ಕೊರೋಶ್ ಎಂಬ ವಿದ್ವಾಂಸ ಲಡಾಖಿನ ಕಡೆಯ ಬೌದ್ಧ ಮಠಗಳಲ್ಲಿ ವರ್ಷಗಟ್ಟಲೆ ಕುಳಿತು ಟಿಬೆಟನ್ ಭಾಷೆ ಕಲಿತ. 1834ರಲ್ಲಿ ಟಿಬೆಟನ್-ಇಂಗ್ಲಿಷ್ ನಿಘಂಟು ಪ್ರಕಟಿಸಿದ. ಹುಡುಕಿದ್ದು ಸಿಗಲಿಲ್ಲ, ಹುಡುಕದೇ ಇದ್ದದ್ದು ಸಿಕ್ಕಿತು. ಕಲ್ಕತ್ತೆಯಲ್ಲಿ ಈ ವಿರಕ್ತನನ್ನು ಎದುರಿಗೆ ಕೂರಿಸಿ ಬರೆದವನು ಇದೇ ಶೆಫ್ಟ್. 1842ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡ ಚೋಮಾನ ಮುಖ ಹೇಗಿತ್ತೆಂದು ನಮಗೆ ಗೊತ್ತಿರುವುದು ಆ ಚಿತ್ರದಿಂದಲೇ.

1841ರಲ್ಲಿ ಶೆಫ್ಟ್ ಲಾಹೋರ್ ತಲುಪಿದ. ಆಗ ಗದ್ದುಗೆಯ ಮೇಲಿದ್ದವನು ಶೇರ್ ಸಿಂಗ್. ಮಹಾರಾಜ ರಣಜಿತ್ ಸಿಂಗ್ 1839ರಲ್ಲೇ ತೀರಿಕೊಂಡಿದ್ದ. ಅವನ ಮಗ ಖರಕ್ ಸಿಂಗ್, ಮೊಮ್ಮಗ ನೌನಿಹಾಲ್ ಸಿಂಗ್ ಇಬ್ಬರೂ 1840ರ ನವೆಂಬರಿನಲ್ಲಿ ಸತ್ತಿದ್ದರು. ಶೆಫ್ಟ್ ಕಂಡದ್ದು ಒಳಗಿಂದೊಳಗೇ ಕುಸಿಯುತ್ತಿದ್ದ ರಾಜ್ಯವನ್ನು. 1843ರಲ್ಲಿ ಶೇರ್ ಸಿಂಗನೂ, ಅವನ ವಜೀರ ಧ್ಯಾನ್ ಸಿಂಗನೂ ಒಂದೇ ದಿನ ಕೊಲೆಯಾದರು.

ಆತ ಅಮೃತಸರದಲ್ಲಿ ಸ್ವರ್ಣಮಂದಿರವನ್ನು ಬರೆಯುತ್ತಿದ್ದಾಗ ನಡೆದದ್ದೆಂದು ಒಂದು ಪ್ರಸಂಗ ಹೇಳುತ್ತಾರೆ. ಕುಂಚವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದನಂತೆ. ಪವಿತ್ರ ಸ್ಥಳದಲ್ಲಿ ಚುಟ್ಟಾ ಸೇದುತ್ತಿದ್ದಾನೆಂದು ತಿಳಿದು ಅಕಾಲಿಗಳು ಮೇಲೆ ಬಿದ್ದರಂತೆ. ಜೀವ ಉಳಿದದ್ದೇ ಹೆಚ್ಚು. ಇನ್ನೊಬ್ಬರನ್ನು ನೋಡಿ ಬರೆಯಲು ಬಂದವನನ್ನು ಅವರೂ ನೋಡಿದರು, ತಪ್ಪಾಗಿ ನೋಡಿದರು. ಹೊರಗಿನವನ ನೋಟದ ಬಗ್ಗೆ ಮಾತಾಡುವಾಗ ಇದನ್ನೂ ನೆನಪಿಡುವುದು ಒಳ್ಳೆಯದು.

ಆ ಜಾಗದಲ್ಲೇ ರಣಜಿತ್ ಸಿಂಗ್ ಗುರುಗ್ರಂಥದ ಪಾಠ ಕೇಳುತ್ತಿರುವ ದೊಡ್ಡ ಚಿತ್ರವನ್ನು ಶೆಫ್ಟ್ ಆಮೇಲೆ ಬರೆದ. ಮಂದಿರ ಕಣ್ಣಾರೆ ಕಂಡದ್ದು. ನೀರು, ಬೆಳಕು ಕಂಡದ್ದು. ನಡುವೆ ಕೂತ ಮಹಾರಾಜನನ್ನು ಮಾತ್ರ ಆತ ಜನ್ಮದಲ್ಲಿ ಕಂಡಿರಲಿಲ್ಲ. ಈ ರಾಜನ ಮಂತ್ರಿ ಫಕೀರ್ ಅಜೀಜುದ್ದೀನ್ ಕುರಿತು ಒಂದು ಕತೆ ಪ್ರಸಿದ್ಧ. ನಿಮ್ಮ ಮಹಾರಾಜನಿಗೆ ಯಾವ ಕಣ್ಣು ಕಾಣುವುದಿಲ್ಲವೆಂದು ಬ್ರಿಟಿಷ್ ಅಧಿಕಾರಿಯೊಬ್ಬ ಕೇಳಿದನಂತೆ. ಅವರ ಮುಖದ ತೇಜಸ್ಸಿಗೆ ತಲೆಯೆತ್ತಿ ನೋಡುವ ಧೈರ್ಯವೇ ನನಗಾಗಲಿಲ್ಲ ಎಂದರಂತೆ ಫಕೀರ್ ಸಾಹೇಬರು. ದಿನವೂ ಕಂಡವರು ಕಂಡಿಲ್ಲವೆಂದರು. ಕಾಣದೇ ಇದ್ದವನು ಕಂಡಂತೆ ಬರೆದ. ಎರಡರಲ್ಲೂ ಇರುವುದು ಗೌರವವೇ, ವರದಿಯಲ್ಲ.

'ಲಾಹೋರಿನ ದರ್ಬಾರು' ಎಂಬ ಮಹಾಚಿತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಭಾರತದಲ್ಲಿ ಮಾಡಿಕೊಂಡ ರೇಖಾಚಿತ್ರಗಳನ್ನಿಟ್ಟುಕೊಂಡು ಯುರೋಪಿನಲ್ಲಿ ಕುಳಿತು ಬರೆದದ್ದು ಅದು. 1855ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶನವಾಯಿತು. ಸರದಾರರು, ಡೋಗ್ರಾ ಸಹೋದರರು, ಯುರೋಪಿನಿಂದ ಬಂದ ಸೇನಾಧಿಕಾರಿಗಳು, ಎಲ್ಲರೂ ಒಂದೇ ಚೌಕಟ್ಟಿನಲ್ಲಿ ನೆರೆದಿದ್ದಾರೆ. ಕತೆಗಾರನಾದ ನನಗೆ ಈ ಕಸುಬು ಪರಿಚಿತ. ಬೇರೆ ಬೇರೆ ಕಾಲದಲ್ಲಿ ಕಂಡವರನ್ನು ಒಂದೇ ಜಗಲಿಯಲ್ಲಿ ಕೂರಿಸುತ್ತೇವಲ್ಲ, ಹಾಗೆ. ದೋಷವೂ ಇಲ್ಲಿಯೇ ಇದೆ. ಇಷ್ಟೊಂದು ಜನರನ್ನು ಕೂಡಿಸುವ ಆಸೆಯಲ್ಲಿ ಮುಖಗಳಿಗಿಂತ ಜರತಾರಿಯೇ ಮೇಲಾಗುತ್ತದೆ. ಲಾಹೋರಿನ ನೇಕಾರ, ಕಮ್ಮಾರ, ಹೆಣ್ಣುಮಕ್ಕಳು ದರ್ಬಾರಿನ ಹೊರಗೇ ಉಳಿಯುತ್ತಾರೆ. ಪೂರ್ವವೆಂದರೆ ಬಂಗಾರದ ಬೆಳಕು ಎಂಬ ಯುರೋಪಿನ ಹಳೆಯ ಚಟದಿಂದ ಶೆಫ್ಟ್ ಪೂರ್ತಿ ಪಾರಾಗಿಲ್ಲ.

ಹಾಗಾದರೆ ಈತನನ್ನು ನಾವೇಕೆ ನೋಡಬೇಕು? ಉತ್ತರಕ್ಕೆ ಅದೇ ಕಾಲದ ಇನ್ನೊಂದು ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಅದು ನಮ್ಮ ಶ್ರೀರಂಗಪಟ್ಟಣಕ್ಕೆ ಸಂಬಂಧಿಸಿದ್ದು. ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಚಿತ್ರದಲ್ಲಿ ಜನರಲ್ ಬೇರ್ಡ್ ಟಿಪ್ಪು ಸುಲ್ತಾನರ ಶವವನ್ನು ಪತ್ತೆಮಾಡುತ್ತಾನೆ. ಬರೆಸಿದವಳು ಬೇರ್ಡನ ವಿಧವೆ. ವಿಲ್ಕಿ ಭಾರತಕ್ಕೆ ಕಾಲಿಟ್ಟವನಲ್ಲ. ಬೇರ್ಡ್ ಎತ್ತರದಲ್ಲಿ ನಿಂತಿದ್ದಾನೆ, ಸುಲ್ತಾನರು ಕೆಳಗೆ ಬಿದ್ದಿದ್ದಾರೆ, ಲಾಂದ್ರದ ಬೆಳಕು. ಕೆಲಸಗಾರಿಕೆಯಲ್ಲಿ ವಿಲ್ಕಿ ಶೆಫ್ಟನಿಗಿಂತ ದೊಡ್ಡವನೇ ಇರಬಹುದು. ಆದರೆ ಆ ಚಿತ್ರಕ್ಕೆ ಬೇಕಾಗಿರುವುದು ಟಿಪ್ಪುವಿನ ಶವ ಮಾತ್ರ. ಶೆಫ್ಟನಿಗೆ ಬೇಕಾದದ್ದು ಸೋತವರು ಬದುಕಿದ್ದ ಗಳಿಗೆ.

ಇದಕ್ಕೆ ಕಾರಣ ಹುಡುಕುವಾಗ 1849ನೆಯ ಇಸವಿ ಎದುರಾಗುತ್ತದೆ. ಆ ವರ್ಷದ ಮಾರ್ಚಿನಲ್ಲಿ ಬ್ರಿಟಿಷರು ಪಂಜಾಬನ್ನು ನುಂಗಿದರು. ಆಗಸ್ಟಿನಲ್ಲಿ ಹಂಗೇರಿಯ ಸ್ವಾತಂತ್ರ್ಯ ಸೇನೆ ರಷ್ಯನ್ನರ ಮುಂದೆ ಶಸ್ತ್ರ ಕೆಳಗಿಟ್ಟಿತು. ಕವಿ ಪೆಟೊಫಿ ರಣರಂಗದಲ್ಲಿ ಕಾಣೆಯಾದದ್ದೂ ಆ ಬೇಸಗೆಯಲ್ಲೇ. ಶೆಫ್ಟ್ ತನ್ನ ದೇಶಕ್ಕಾಗಿ ಅಳುತ್ತಾ ಲಾಹೋರನ್ನು ಬರೆದನೆಂದು ನಾನು ಹೇಳಲಾರೆ. ಕಂಪನಿಯ ಸಾಹೇಬರಿಂದ ಹಣ ಪಡೆದು ಅವರ ಚಿತ್ರಗಳನ್ನೂ ಬರೆದವನು ಆತ. ಆದರೆ ಇಲ್ಲದ ದರ್ಬಾರನ್ನು ಇದೆಯೆಂಬಂತೆ ಬರೆಯಲು ಕುಳಿತಾಗ ಅವನ ಸ್ವಂತ ದೇಶವೂ ಇಲ್ಲವಾಗಿತ್ತು. ಕುಂಚಕ್ಕೆ ಇದರ ಅರಿವಿತ್ತೆಂದೇ ನನಗನ್ನಿಸುತ್ತದೆ.

ಶೆಫ್ಟ್ 1888ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಹತ್ತನೆಯ ವಯಸ್ಸಿನಲ್ಲಿ ರಾಜ್ಯ ಕಳೆದುಕೊಂಡು ಇಂಗ್ಲೆಂಡ್ ಸೇರಿದ್ದ ದುಲೀಪ್ ಸಿಂಗನ ಮನೆತನಕ್ಕೆ ಈ ಚಿತ್ರಗಳು ಸೇರಿದವು. ಅವನ ಮಗಳು ಬಾಂಬಾ ಲಾಹೋರಿಗೆ ಮರಳಿ ಬಂದು 1957ರಲ್ಲಿ ಅಲ್ಲೇ ಮಣ್ಣಾದಳು. ಚಿತ್ರಗಳು ಪಾಕಿಸ್ತಾನ ಸರ್ಕಾರದ ಕೈಸೇರಿ ಕೋಟೆಯಲ್ಲಿ ನೆಲೆಗೊಂಡವು. ಸಿಖ್ ರಾಜ್ಯದ ನೆನಪು, ಹಂಗೇರಿಯವನ ಕೈ, ಮುಸ್ಲಿಂ ದೇಶದ ಗೋಡೆ. ಚರಿತ್ರೆಯನ್ನು ಮತಕ್ಕೊಂದರಂತೆ ಪಾಲುಮಾಡಿಕೊಳ್ಳುವ ನಮಗೆ ಇದು ಪಾಠವಾಗಬೇಕು.

ಚಿತ್ರವನ್ನು ಸಾಕ್ಷಿಯೆಂದು ತೋರಿಸಿ ವಾದ ಮಾಡುವುದು ಈಗ ಅಭ್ಯಾಸವಾಗಿದೆ. ಶೆಫ್ಟನ ದರ್ಬಾರನ್ನು ಹಾಗೆ ಬಳಸಿದರೆ ಅದು ಸುಳ್ಳು ಹೇಳುತ್ತದೆ. ನೆನಪೆಂದು ನೋಡಿದರೆ ನಿಜ ಹೇಳುತ್ತದೆ. ನನ್ನ ಮಟ್ಟಿಗೆ ಆತನ ಶ್ರೇಷ್ಠ ಕೃತಿ ಆ ಮಹಾಚಿತ್ರವಲ್ಲ, ಜನಜಂಗುಳಿಯನ್ನು ಬಿಟ್ಟು ಒಂದೇ ಮುಖದ ಮುಂದೆ ನಿಂತ ಜಫರ್ ಚಿತ್ರ. 1858ರ ಫೋಟೊವನ್ನು ನಾವು ಮರೆಯಬೇಕಿಲ್ಲ. ಆದರೆ ರಂಗೂನಿನಲ್ಲಿ 1862ರಲ್ಲಿ ಕಣ್ಣುಮುಚ್ಚಿದ ಆ ಶಾಯರನನ್ನು ನಮ್ಮ ಮಕ್ಕಳಿಗೆ ತೋರಿಸುವಾಗ ಎರಡನ್ನೂ ಪಕ್ಕಪಕ್ಕದಲ್ಲಿ ಇಡೋಣ. ಒಂದರಲ್ಲಿ ಕೈದಿಯಿದ್ದಾನೆ, ಇನ್ನೊಂದರಲ್ಲಿ ಮನುಷ್ಯನಿದ್ದಾನೆ.